ಅಪ್ಪನ ಫೋನಿಗೇ ಬರುವ ಬುದ್ಧಿಮಾತು: ‘ಎಸ್‌ಎಂಎಸ್ ಫಾರ್ ಡ್ಯಾಡ್ಸ್’ ಸೇವೆಯ ವಿಮರ್ಶೆ

ಆಸ್ಟ್ರೇಲಿಯಾದಲ್ಲಿ ಹೆಣ್ಣುಮಗಳೊಬ್ಬಳು ಗರ್ಭಿಣಿ ಎಂದು ಗೊತ್ತಾದ ಮೇಲೆ ಇಡೀ ಆರೋಗ್ಯ ವ್ಯವಸ್ಥೆ ಅವಳ ಸುತ್ತ ನಿಲ್ಲುತ್ತದೆ. ವೈದ್ಯರು, ಮಿಡ್‌ವೈಫ್, ಸ್ಕ್ಯಾನಿಂಗ್, ಹೆರಿಗೆಯಾದ ಮೇಲೆ ವಿಚಾರಿಸಿಕೊಳ್ಳುವ ನರ್ಸ್, ನ್ಯೂ ಸೌತ್ ವೇಲ್ಸ್‌ನಲ್ಲಾದರೆ ಮಗುವಿನ ತೂಕ ಮತ್ತು ಲಸಿಕೆಗಳನ್ನು ಬರೆದಿಡುವ ‘ಬ್ಲೂ ಬುಕ್’, ತಾಯಿಯ ಮನಸ್ಸಿನ ಸ್ಥಿತಿ ಅರಿಯಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿ, ಹೀಗೆ ಒಂದೂ ತಪ್ಪುವುದಿಲ್ಲ. ಅಪ್ಪನಾಗುವವನು ಮಾತ್ರ ಈ ಎಲ್ಲ ಭೇಟಿಗಳಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನನ್ನು ಹೇಗಿದ್ದೀಯ ಎಂದು ಕೇಳುವವರು ವಿರಳ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಫ್ಲೆಚರ್ ಅವರ ನೇತೃತ್ವದಲ್ಲಿ ರೂಪುಗೊಂಡ ‘ಎಸ್‌ಎಂಎಸ್ ಫಾರ್ ಡ್ಯಾಡ್ಸ್’ ಆ ಕುರ್ಚಿಯವನನ್ನೇ ಉದ್ದೇಶಿಸಿ ಮಾತಾಡುವ ಉಚಿತ ಸೇವೆ. ಸಿಡ್ನಿಯಲ್ಲಿ ಮೊದಲ ಮಗುವಿನ ತಂದೆಯಾಗಿ ಇದನ್ನು ಬಳಸಿದವನ ಅಭಿಪ್ರಾಯ ಇದು.

ಸೇವೆಯ ರೀತಿ ಬಹಳ ಸರಳ. ಮೊಬೈಲ್ ಸಂಖ್ಯೆ ಮತ್ತು ಹೆರಿಗೆಯ ಅಂದಾಜು ದಿನಾಂಕ, ಮಗು ಹುಟ್ಟಿದ್ದರೆ ಹುಟ್ಟಿದ ದಿನಾಂಕ, ಕೊಟ್ಟು ನೋಂದಾಯಿಸಿಕೊಂಡರೆ ವಾರಕ್ಕೆ ಸುಮಾರು ಮೂರು ಸಂದೇಶಗಳು ಬರತೊಡಗುತ್ತವೆ. ಗರ್ಭದಲ್ಲಿ ಮಗು ಯಾವ ಹಂತದಲ್ಲಿದೆ, ಹುಟ್ಟಿದ ಮೇಲೆ ಎಷ್ಟು ವಾರದ್ದಾಗಿದೆ ಎಂಬುದಕ್ಕೆ ಹೊಂದಿಕೊಂಡೇ ಅವು ಬರುತ್ತವೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸೇವೆ ಮುಗಿಯುತ್ತದೆ. ಆ್ಯಪ್ ಇಳಿಸಿಕೊಳ್ಳಬೇಕಿಲ್ಲ, ಪಾಸ್‌ವರ್ಡ್ ನೆನಪಿಡಬೇಕಿಲ್ಲ. ಮಗುವಿನ ಜೊತೆ ಮಾತಾಡುವುದು, ಅಳು ನಿಲ್ಲದಿದ್ದಾಗ ತಾಳ್ಮೆ ಉಳಿಸಿಕೊಳ್ಳುವುದು, ಹೆಂಡತಿಯ ಆಯಾಸವನ್ನು ಗುರುತಿಸುವುದು, ತನ್ನ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು, ಇವು ಮತ್ತೆ ಮತ್ತೆ ಬರುವ ವಿಷಯಗಳು. ಹೆಚ್ಚು ತಿಳಿಯಬೇಕೆನ್ನುವವರಿಗೆ ಕೆಲವು ಸಂದೇಶಗಳಲ್ಲಿ ಕೊಂಡಿಯೂ ಇರುತ್ತದೆ.

ಈ ಮಿತವೇ ಸೇವೆಯ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಮಗು ಹುಟ್ಟಿದ ಹೊಸತರಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದು ಬೀಳುವ ಸಲಹೆಗಳಿಗೆ ಕೊನೆಯಿಲ್ಲ, ಮತ್ತು ಅವುಗಳಲ್ಲಿ ಅರ್ಧ ಉಳಿದರ್ಧವನ್ನು ಅಲ್ಲಗಳೆಯುತ್ತಿರುತ್ತವೆ. ಎರಡು ಸಾಲಿನಲ್ಲಿ ಒಂದೇ ಒಂದು ವಿಷಯ ಹೇಳಿ ಸುಮ್ಮನಾಗುವ ಸಂದೇಶವನ್ನು ಕಚೇರಿಗೆ ಹೋಗುವ ರೈಲಿನಲ್ಲಿ ಓದಬಹುದು, ಸಂಜೆ ಮನೆಗೆ ಬಂದು ಮಾಡಿಯೂ ನೋಡಬಹುದು. ಮಗುವಿನ ದನಿಯಲ್ಲಿ, ಮಗುವೇ ಅಪ್ಪನನ್ನು ಕರೆದು ಹೇಳುವಂತೆ ಬರೆದ ಕೆಲವು ಸಂದೇಶಗಳು ನನ್ನ ರುಚಿಗೆ ತುಸು ಸಿಹಿ ಹೆಚ್ಚು. ಆದರೆ ನಾನು ಕೇಳಿದ ಗೆಳೆಯರಿಗೆ ಅವೇ ಹೆಚ್ಚು ಇಷ್ಟವಾಗಿವೆಯಾದ್ದರಿಂದ ಅದನ್ನು ದೋಷವೆಂದು ಬರೆಯಲಾರೆ.

ಸೇವೆಯ ನಿಜವಾದ ಬೆಲೆ ಇರುವುದು ಆಗಾಗ ಬರುವ ಮನಃಸ್ಥಿತಿಯ ಪ್ರಶ್ನೆಯಲ್ಲಿ. ಈಗ ಹೇಗಿದ್ದೀರಿ ಎಂದು ಕೇಳಿ, ಚೆನ್ನಾಗಿದ್ದೇನೆ ಎಂಬಲ್ಲಿಂದ ತೀರಾ ಕಷ್ಟವಾಗಿದೆ ಎಂಬವರೆಗಿನ ಉತ್ತರಗಳಲ್ಲಿ ಒಂದನ್ನು ಆರಿಸಲು ಅದು ಹೇಳುತ್ತದೆ. ಕಷ್ಟವೆಂದು ಒತ್ತಿದವರಿಗೆ ಆಪ್ತಸಮಾಲೋಚಕರು ಕರೆ ಮಾಡುವ ವ್ಯವಸ್ಥೆಯಿದೆ. ಹೊಸ ತಂದೆಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ ಎಂದು 2010ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಹೇಳಿತ್ತು. ಬಾಣಂತಿಯ ಸನ್ನಿ ಎಂಬ ಮಾತು ನಮ್ಮ ಅಜ್ಜಿಯಂದಿರ ಬಾಯಲ್ಲೂ ಇತ್ತು, ಆದರೆ ಮಗು ಹುಟ್ಟಿದ ಮನೆಯಲ್ಲಿ ಗಂಡಸಿನ ಮನಸ್ಸೂ ಕುಸಿಯಬಹುದೆಂಬುದನ್ನು ಒಪ್ಪಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಹೆತ್ತವಳು ಅವಳು, ನಿನಗೇನಪ್ಪಾ ಕಷ್ಟ ಎಂದು ಕೇಳಿಬಿಟ್ಟರೆ ಉತ್ತರ ಹೊರಡುವುದಿಲ್ಲ. ಯಾರ ಮುಖವನ್ನೂ ನೋಡದೆ, ಯಾರ ಮುಂದೆಯೂ ಬಾಯಿ ಬಿಡದೆ, ಬೆರಳಿನಿಂದ ಒತ್ತಿ ಹೇಳಿಬಿಡುವ ಅವಕಾಶ ಅಂಥವರಿಗೆ ಸಣ್ಣದಲ್ಲ. ಊರು, ಅಣ್ಣತಮ್ಮಂದಿರು, ಓರಗೆಯವರು ಎಲ್ಲ ದೂರವಿರುವ ವಲಸಿಗನಿಗಂತೂ ಇದು ಹೆಚ್ಚು ಅನ್ವಯಿಸುತ್ತದೆ.

ಆದರೆ ಈ ಸಂದೇಶಗಳನ್ನು ಬರೆದವರ ಕಣ್ಣ ಮುಂದೆ ಇರುವ ಮನೆಯಲ್ಲಿ ಗಂಡ, ಹೆಂಡತಿ, ಮಗು ಇಷ್ಟೇ ಜನ. ಇಲ್ಲಿನ ಕನ್ನಡದ ಮನೆಗಳಲ್ಲಿ ಹೆರಿಗೆಗೆ ಮೊದಲೇ ಅಮ್ಮನೋ ಅತ್ತೆಯೋ ಸಂದರ್ಶಕ ವೀಸಾದಲ್ಲಿ ಬಂದಿಳಿದಿರುತ್ತಾರೆ. ಅವರ ಪೆಟ್ಟಿಗೆಯಲ್ಲಿ ಬಜೆಯಿರುತ್ತದೆ, ವಿಮಾನ ನಿಲ್ದಾಣದ ತಪಾಸಣೆ ದಾಟಿದ್ದರೆ ಅಂಟಿನುಂಡೆಯೂ ಇರುತ್ತದೆ. ಎಣ್ಣೆ ಹಚ್ಚಿ ಮಗುವಿಗೆ ನೀರೆರೆಯುವುದು, ಬಾಣಂತಿಯ ಪಥ್ಯ, ಮಗುವನ್ನು ಯಾವಾಗ ಯಾರು ಎತ್ತಿಕೊಳ್ಳಬೇಕು ಎಂಬುದು ಅವರ ಆಡಳಿತಕ್ಕೆ ಸೇರಿದ ವಿಷಯಗಳು. ಮಗುವನ್ನು ಬರಿಮೈಯ ಎದೆಗೆ ಒರಗಿಸಿಕೊಳ್ಳಿ, ಸ್ನಾನ ಮಾಡಿಸಿ ಎಂಬ ಬುದ್ಧಿಮಾತು ಓದಿ ಉತ್ಸಾಹದಿಂದ ಎದ್ದ ಅಪ್ಪನಿಗೆ, ನಿನಗೆ ಗೊತ್ತಾಗಲ್ಲ ಬಿಡೋ ಎಂಬ ಅಕ್ಕರೆಯ ಮಾತಿನಲ್ಲೇ ಬಾಗಿಲು ಮುಚ್ಚುತ್ತದೆ.

ಮಲಗಿಸುವ ವಿಷಯವನ್ನೇ ನೋಡಿ. ಶಿಶುಗಳ ಹಠಾತ್ ಮರಣ ತಡೆಯಲು ಕೆಲಸ ಮಾಡುವ ಇಲ್ಲಿನ ‘ರೆಡ್ ನೋಸ್’ ಸಂಸ್ಥೆಯ ಸೂಚನೆ ಸ್ಪಷ್ಟವಾಗಿದೆ: ಮಗುವನ್ನು ಅಂಗಾತವಾಗಿ, ತಂದೆತಾಯಿಯ ಕೋಣೆಯಲ್ಲೇ ಆದರೆ ಅದರದೇ ಹಾಸಿಗೆಯಲ್ಲಿ ಮಲಗಿಸಬೇಕು, ದಿಂಬು ಇಡಲೇಬಾರದು. ನಮ್ಮಲ್ಲಿ ತಲೆ ದುಂಡಗಾಗಲೆಂದು ಸಾಸಿವೆಯ ದಿಂಬು ಹೊಲಿದು ತರುವುದು ಪ್ರೀತಿಯ ಕೆಲಸ. ಜೇನುತುಪ್ಪದ ಕತೆಯೂ ಅಷ್ಟೇ. ವರ್ಷ ತುಂಬದ ಮಗುವಿಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದೆಂದು ವೈದ್ಯರು ಬೇಡವೆನ್ನುತ್ತಾರೆ, ಹಿರಿಯರು ನಾಲಿಗೆಗೆ ಒಂದು ತೊಟ್ಟು ಮುಟ್ಟಿಸಿದರೇನು ಎನ್ನುತ್ತಾರೆ. ನಿಯಮ ಏನೆಂದು ತಿಳಿಯುವುದು ಅಪ್ಪನಿಗೆ ಕಷ್ಟವಲ್ಲ, ಮೂರು ಮಕ್ಕಳನ್ನು ಸಾಕಿದ ತಾಯಿಗೆ ನೋವಾಗದಂತೆ ಅದನ್ನು ಹೇಳುವುದು ಕಷ್ಟ. ಸಂದೇಶಗಳು ಹುಟ್ಟಿಸುವ ಆತ್ಮವಿಶ್ವಾಸ ಅಡುಗೆಮನೆಯ ಹೊಸಿಲಿನವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಅಜ್ಜಿಯ ಎಣ್ಣೆನೀರನ್ನು ಹೊಗಳುತ್ತಲೇ ದಿಂಬನ್ನು ತೆಗೆದಿಡುವ ಬಗೆ ಹೇಗೆಂದು ಎರಡು ಸಾಲು ಯಾರಾದರೂ ಬರೆದರೆ ವಲಸಿಗರ ನೂರಾರು ಮನೆಗಳಿಗೆ ಉಪಕಾರವಾದೀತು.

ಕನ್ನಡದಲ್ಲಿ ಈ ಸೇವೆ ಇಲ್ಲ. ಇಲ್ಲಿನ ಉದ್ಯೋಗಸ್ಥ ಕನ್ನಡಿಗನಿಗೆ ಇಂಗ್ಲಿಷ್ ತೊಡಕಲ್ಲವಾದರೂ, ಅಮ್ಮನಿಗೆ ಓದಿ ತೋರಿಸಬಹುದಾದ ಸಂದೇಶವಿದ್ದಿದ್ದರೆ ಮೇಲೆ ಹೇಳಿದ ಜಗಳಗಳಲ್ಲಿ ಕೆಲವು ಹುಟ್ಟುತ್ತಲೇ ಇರಲಿಲ್ಲ. ಇದಕ್ಕೊಂದು ತಾಂತ್ರಿಕ ಅಡ್ಡಿಯೂ ಇದೆ: ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ, ಕನ್ನಡದಂಥ ಲಿಪಿಗಳಲ್ಲಿ ಕಾಗುಣಿತ, ಒತ್ತಕ್ಷರಗಳ ಚಿಹ್ನೆಗಳನ್ನೂ ಸೇರಿಸಿ 70 ಮಾತ್ರ ಹಿಡಿಯುತ್ತವೆ. ಹಾಗೆಂದು ಬಹುಭಾಷೆ ಅಸಾಧ್ಯವೇನಲ್ಲ. 2014ರಲ್ಲಿ ಆರಂಭವಾದ ದಕ್ಷಿಣ ಆಫ್ರಿಕಾ ಸರ್ಕಾರದ ‘ಮಾಮ್‌ಕನೆಕ್ಟ್’ ಆ ದೇಶದ ಆಗಿನ ಹನ್ನೊಂದು ಅಧಿಕೃತ ಭಾಷೆಗಳಲ್ಲಿ ತಾಯಂದಿರಿಗೆ ಸಂದೇಶ ಕಳಿಸಿತು, ಮುಂದೆ ವಾಟ್ಸ್‌ಆ್ಯಪ್‌ಗೂ ಕಾಲಿಟ್ಟಿತು.

ನಮ್ಮ ದೇಶದ ‘ಕಿಲ್ಕಾರಿ’ಯನ್ನು ಈ ಅಪ್ಪಂದಿರ ಸೇವೆಯ ಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬಿಹಾರದಲ್ಲಿ ಬಿಬಿಸಿ ಮೀಡಿಯಾ ಆ್ಯಕ್ಷನ್ ರೂಪಿಸಿ, 2016ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಚಾಲನೆ ನೀಡಿದ ಆ ಸೇವೆಯಲ್ಲಿ ಗರ್ಭದ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ವರ್ಷವಾಗುವತನಕ ವಾರಕ್ಕೊಂದರಂತೆ 72 ಧ್ವನಿ ಕರೆಗಳು ಬರುತ್ತವೆ. ಓದು ಬರದವರಿಗೂ ತಲುಪಲೆಂದು ಧ್ವನಿಯನ್ನು ಆರಿಸಿಕೊಂಡದ್ದು ಜಾಣತನ. ಆದರೆ ಅನೇಕ ಮನೆಗಳಲ್ಲಿ ಇರುವ ಒಂದೇ ಫೋನು ಗಂಡನ ಜೇಬಿನಲ್ಲಿರುತ್ತದೆ, ತಾಯಿಗೆಂದು ಬಂದ ಕರೆಯನ್ನು ಅವನೇ ಎತ್ತುತ್ತಾನೆ. ಮಧ್ಯಪ್ರದೇಶದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಆಧುನಿಕ ಗರ್ಭನಿರೋಧಕಗಳ ಬಳಕೆ ಸ್ವಲ್ಪ ಹೆಚ್ಚಿದ್ದು ಕಂಡಿತೇ ಹೊರತು, ಎದೆಹಾಲನ್ನಷ್ಟೇ ಕುಡಿಸುವ ಪದ್ಧತಿಯಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಹೇಗೂ ಫೋನು ಅಪ್ಪನ ಕೈಯಲ್ಲಿರುವಾಗ ಅವನಿಗೂ ಒಂದು ಮಾತು ಹೇಳುವ ನ್ಯೂಕ್ಯಾಸಲ್ಲಿನ ಲೆಕ್ಕಾಚಾರ ನನಗೆ ಹೆಚ್ಚು ವ್ಯಾವಹಾರಿಕವೆನಿಸುತ್ತದೆ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಅಜ್ಜಿಯರನ್ನು ಮರೆತದ್ದಕ್ಕೆ. ಇಲ್ಲಿರುವ ಗೆಳೆಯರಿಗೆ ನನ್ನ ಸಲಹೆಯೆಂದರೆ, ಅಮ್ಮನಿಗೆ ವಿಮಾನದ ಟಿಕೆಟ್ ತೆಗೆಯುವ ವಾರದಲ್ಲೇ ನೋಂದಾಯಿಸಿಕೊಳ್ಳಿ, ಏಕೆಂದರೆ ಹೆರಿಗೆಗೆ ಮುಂಚಿನ ಸಂದೇಶಗಳನ್ನು ಓದಲು ಇರುವಷ್ಟು ಬಿಡುವು ಆಮೇಲೆ ಸಿಗದು. ಇದು ತುರ್ತು ಸೇವೆಯಲ್ಲ. ತುರ್ತಿಗೆ 000 ಇದೆ. ಮನಸ್ಸು ತೀರಾ ಭಾರವಾಗಿದ್ದರೆ ಮುಂದಿನ ಸಂದೇಶಕ್ಕೆ ಕಾಯದೆ, ಹೆರಿಗೆಯ ಆಸುಪಾಸಿನ ಆತಂಕ, ಖಿನ್ನತೆಗಳಲ್ಲಿ ನೆರವಾಗುವ ‘ಪಾಂಡಾ’ ಸಂಸ್ಥೆಯ 1300 726 306 ಸಂಖ್ಯೆಗೆ ಕರೆ ಮಾಡಬಹುದು, ಅಪ್ಪಂದಿರ ಕರೆಯನ್ನೂ ಅವರು ತೆಗೆದುಕೊಳ್ಳುತ್ತಾರೆ.