ಮುಂಗೇರಿನ ಒಂಟಿ ನಳಿಗೆಯ ಕೇಪಿನ ಬಂದೂಕು: ಹವ್ಯಾಸಿಯೊಬ್ಬನ ವಿಮರ್ಶೆ

ಗುರಿ ಹೊಡೆಯುವ ಹವ್ಯಾಸಕ್ಕಾಗಿ ನಳಿಗೆಯ ಬಾಯಿಯಿಂದ ಬಾರು ಮಾಡುವ (ಮದ್ದು, ಗುಂಡು ತುಂಬುವ) ಬಂದೂಕನ್ನು ಹೊಸದಾಗಿ ಕೊಳ್ಳುವವರು ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ವಿರಳ. ಲೈಸೆನ್ಸಿನಲ್ಲಿ ‘ಎಸ್‌ಬಿಎಂಎಲ್’ (ಸಿಂಗಲ್ ಬ್ಯಾರಲ್ ಮಜಲ್ ಲೋಡಿಂಗ್) ಎಂದು ದಾಖಲಾಗುವ ಈ ಬಂದೂಕು ನಮ್ಮ ಕಡೆ ಹೆಚ್ಚಾಗಿ ಬೆಳೆ ಕಾಯುವ ರೈತರ ಮನೆಗಳಲ್ಲಿ, ತಂದೆಯ ಹೆಸರಿನಿಂದ ಮಗನ ಹೆಸರಿಗೆ ವರ್ಗವಾಗಿ ಬಂದ ಹಳೆಯ ವಸ್ತುವಾಗಿಯೇ ಕಾಣಸಿಗುತ್ತದೆ. ನಾನು ಹುಬ್ಬಳ್ಳಿಯ ಪರವಾನಗಿದಾರ ವ್ಯಾಪಾರಿಯೊಬ್ಬರ ಮೂಲಕ ತರಿಸಿಕೊಂಡದ್ದು ಬಿಹಾರದ ಮುಂಗೇರಿನಲ್ಲಿ ತಯಾರಾದ, 12 ಬೋರಿನ, ಕೇಪಿನಿಂದ (ಪೆಟ್ಟು ಬಿದ್ದರೆ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಲೋಹದ ಟೋಪಿಯಿಂದ) ಹಾರುವ ಹೊಸ ಬಂದೂಕು. ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ನಳಿಗೆ ಉತ್ತಮವಾಗಿದೆ, ಜೊತೆಗೆ ಕೊಡುವ ಸಾಮಾನು ಉತ್ತಮವಾಗಿಲ್ಲ, ಮತ್ತು ಹಾರಿಸುವುದಕ್ಕಿಂತ ಬಾರು ಮಾಡುವುದರಲ್ಲೇ ಹೆಚ್ಚು ರುಚಿ ಇರುವವರು ಮಾತ್ರ ಇದಕ್ಕೆ ಹಣ ಹಾಕಬೇಕು.

12 ಬೋರು ಎಂಬುದು ಹಳೆಯ ಲೆಕ್ಕ. ಒಂದು ಪೌಂಡ್ ಸೀಸದಿಂದ ನಳಿಗೆಯ ಅಳತೆಗೆ ಸರಿಯಾದ ಹನ್ನೆರಡು ದುಂಡನೆಯ ಗುಂಡುಗಳಾಗುತ್ತವೆ ಎಂದು ಅದರ ಅರ್ಥ. ಇಂದಿನ ಅಳತೆಯಲ್ಲಿ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ನಳಿಗೆಯ ಒಳಭಾಗ ನಯವಾಗಿದ್ದು, ಬೆಳಕಿಗೆ ಹಿಡಿದು ನೋಡಿದರೆ ತುದಿಯಿಂದ ಬುಡದವರೆಗೆ ಎಲ್ಲೂ ಗೀರು, ಕುಳಿ ಕಾಣುವುದಿಲ್ಲ. ನಳಿಗೆ ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತಿದ ಮುದ್ರೆ ಸ್ಪಷ್ಟವಾಗಿದೆ. ಕೇಪಿಗೆ ಪೆಟ್ಟು ಕೊಡುವ ಸುತ್ತಿಗೆಯಾದ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಇಂಥ ಬಂದೂಕಿನಲ್ಲಿ ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಬೇಕಾದ ಅತಿ ಮುಖ್ಯ ಅಂಶ ಇದು. ಕುದುರೆಯ ಮುಖ ಬಟ್ಟಲಿನ ಹಾಗೆ ಒಳಗೆ ತಗ್ಗಾಗಿರುವುದರಿಂದ ಸಿಡಿದ ಕೇಪಿನ ಚೂರುಗಳು ಬಹುಮಟ್ಟಿಗೆ ಅದರೊಳಗೇ ಉಳಿಯುತ್ತವೆ. ಹಾಗೆಂದು ಕಣ್ಣಿಗೆ ಕನ್ನಡಕವಿಲ್ಲದೆ ಹಾರಿಸುವ ಧೈರ್ಯ ಯಾರೂ ಮಾಡಬಾರದು. ಟ್ರಿಗರ್ ಬಹಳ ಬಿಗಿಯಾಗಿದೆ. ಮರದ ಭಾಗಕ್ಕೆ ಬಳಿದ ವಾರ್ನಿಷ್ ಅಗ್ಗದ್ದು. ಅದನ್ನು ಕೆರೆದು ತೆಗೆದು ಅಗಸೆ ಎಣ್ಣೆಯನ್ನು ತೆಳ್ಳಗೆ ಹಲವು ಸಲ ತಿಕ್ಕಿದ ಮೇಲೆ ಮರದ ನಿಜವಾದ ಬಣ್ಣ ಹೊರಬಂದಿತು.

ಜೊತೆಗೆ ಬಂದ ಸಾಮಾನಿನ ಬಗ್ಗೆ ಒಳ್ಳೆಯ ಮಾತು ಹೇಳುವುದು ಕಷ್ಟ. ಗುಂಡನ್ನು ನಳಿಗೆಯೊಳಗೆ ಒತ್ತುವ ಕೋಲಾದ ಗಜ ಸಾಧಾರಣ ಮರದ್ದು, ಅಡ್ಡ ಎಳೆಯುಳ್ಳದ್ದು, ತುದಿಗೆ ಲೋಹದ ಟೋಪಿಯೂ ಇಲ್ಲದ್ದು. ಗುಂಡನ್ನು ಒತ್ತುವಾಗ ಅಂಥ ಗಜ ಸೀಳಿದರೆ ನೇರವಾಗಿ ಅಂಗೈಗೆ ಹೊಗುತ್ತದೆ. ಹಿತ್ತಾಳೆಯ ತುದಿಯ ಬೇರೊಂದು ಗಜವನ್ನು ಮಾಡಿಸಿಕೊಳ್ಳದೆ ಈ ಬಂದೂಕನ್ನು ಬಳಸಬೇಡಿ. ಕೇಪನ್ನು ಕೂರಿಸುವ, ಅದರ ಕಿಡಿಯನ್ನು ಮದ್ದಿಗೆ ಒಯ್ಯುವ ರಂಧ್ರವುಳ್ಳ ನಿಪ್ಪಲ್ ಇನ್ನೂ ಕಳಪೆ: ಅದರ ಅಳತೆ ಸ್ವಲ್ಪ ದಪ್ಪವಾದ್ದರಿಂದ ಕೇಪು ತಳದವರೆಗೆ ಇಳಿಯದೆ, ಮೊದಲ ಹೊಡೆತಕ್ಕೆ ಕೆಳಗೆ ಜಾರಿ, ಎರಡನೆಯ ಹೊಡೆತಕ್ಕೆ ಮಾತ್ರ ಹೊತ್ತುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟಿನಿಂದ ಹೊತ್ತುವ ಮದ್ದಿಗೆ ಪೇಟೆಂಟ್ ಪಡೆದದ್ದೇ ಚಕಮಕಿ ಕಲ್ಲಿನ ಬಂದೂಕಿನಲ್ಲಾಗುವ ವಿಳಂಬವನ್ನು ತಪ್ಪಿಸಲಿಕ್ಕೆ. ಎರಡು ಶತಮಾನಗಳ ನಂತರ ತಯಾರಾದ ವಸ್ತುವಿನಲ್ಲಿ ಅದೇ ವಿಳಂಬ ಮರಳಿ ಬಂದರೆ ಅದನ್ನು ಕ್ಷಮಿಸುವುದು ಸುಲಭವಲ್ಲ. ವ್ಯಾಪಾರಿ ತಕರಾರಿಲ್ಲದೆ ನಿಪ್ಪಲ್ ಬದಲಿಸಿಕೊಟ್ಟರು. ಆ ಬಳಿಕ ಆ ತೊಂದರೆ ಕಾಣಿಸಿಕೊಂಡಿಲ್ಲ.

ಇನ್ನು ಬಾರು ಮಾಡುವ ವಿಷಯ. ಮೊದಲು ಗಜವನ್ನು ಖಾಲಿ ನಳಿಗೆಯೊಳಗೆ ಬುಡದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸಮನಾಗಿ ಒಂದು ಗುರುತು ಮಾಡಬೇಕು; ಸರಿಯಾಗಿ ಬಾರು ಮಾಡಿದಾಗ ಗಜ ಎಲ್ಲಿಗೆ ನಿಲ್ಲುತ್ತದೆಂದು ಇನ್ನೊಂದು ಗುರುತು ಬೇಕು. ಬಂದೂಕಿನಲ್ಲಿ ಬಾರು ಇದೆಯೋ ಇಲ್ಲವೋ, ಒಂದರ ಮೇಲೊಂದು ಎರಡು ಬಾರು ಬಿದ್ದಿವೆಯೋ ಎಂಬುದನ್ನು ಆ ಎರಡು ಗೆರೆಗಳು ಹೇಳುವಷ್ಟು ಖಚಿತವಾಗಿ ಬೇರಾವುದೂ ಹೇಳುವುದಿಲ್ಲ. ತಯಾರಕರು ಹೇಳಿದ ಮಿತಿಯೊಳಗೆ ಅಳೆದು, ಸಣ್ಣ ಸೀಸೆಗಳಲ್ಲಿ ಮೊದಲೇ ಬೇರೆ ಬೇರೆಯಾಗಿ ತುಂಬಿಟ್ಟ ಮದ್ದನ್ನು ಸುರಿಯಬೇಕೇ ಹೊರತು ದೊಡ್ಡ ಡಬ್ಬಿಯಿಂದ ನೇರವಾಗಿ ಸುರಿಯಬಾರದು, ಏಕೆಂದರೆ ಹಿಂದಿನ ಬಾರಿನ ಕಿಡಿಯೊಂದು ಬುಡದಲ್ಲಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ. ಬಳಿಕ ಬಟ್ಟೆಯ ತುಣುಕಿನಲ್ಲಿ ಗುಂಡನ್ನಿಟ್ಟು, ಮದ್ದಿಗೆ ತಾಗುವವರೆಗೆ ಒತ್ತಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಕೇಪು ಎಲ್ಲಕ್ಕಿಂತ ಕೊನೆಗೆ, ನಳಿಗೆ ಗುರಿಯತ್ತ ತಿರುಗಿದ ಮೇಲೆ. ಕೇಪು ಸಿಡಿದೂ ಬಾರು ಹೊತ್ತದಿದ್ದರೆ, ಬಂದೂಕನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಅಲುಗಾಡದೆ ನಿಲ್ಲಬೇಕು.

ಇಷ್ಟೆಲ್ಲ ಮಾಡುವಷ್ಟರಲ್ಲಿ ಹೊತ್ತು ಹೋಗುತ್ತದೆಂದು ಬೇಸರಪಡುವವರಿಗೆ ಧಾರವಾಡದ ಕೋಟೆಯ ಪ್ರಸಂಗವೊಂದನ್ನು ನೆನಪಿಸಬೇಕು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವೂ ನೇತೃತ್ವದ ಮರಾಠಾ ಸೈನ್ಯ, ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿಯೊಂದಿಗೆ, ಟಿಪ್ಪುವಿನ ವಶದಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿತ್ತು. ಆ ತುಕಡಿಯ ಅಧಿಕಾರಿ ಎಡ್ವರ್ಡ್ ಮೂರ್, ಮರಾಠಾ ಗೋಲಂದಾಜರು ತೋಪನ್ನು ಬಾರು ಮಾಡಿ ಅರ್ಧ ಗಂಟೆ ಹರಟುತ್ತ, ಹೊಗೆ ಸೇದುತ್ತ ಕುಳಿತು, ಆಮೇಲೆ ಹಾರಿಸಿ, ಚೆನ್ನಾಗಿ ಧೂಳೆದ್ದರೆ ಅಷ್ಟಕ್ಕೇ ತೃಪ್ತರಾಗಿ ಮತ್ತೆ ಬಾರು ಮಾಡಿ ಹರಟೆಗೆ ಕೂಡುತ್ತಿದ್ದರೆಂದೂ, ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ಊಟಕ್ಕೆಂದೇ ಗುಂಡು ನಿಲ್ಲಿಸುತ್ತಿದ್ದಂತೆ ಕಾಣುತ್ತಿತ್ತೆಂದೂ ಗೇಲಿ ಮಾಡಿ ಬರೆದಿದ್ದಾನೆ. ಮದ್ದಿನ ಪಕ್ಕದಲ್ಲಿ ಹೊಗೆ ಸೇದುವುದೊಂದನ್ನು ಬಿಟ್ಟರೆ ಹವ್ಯಾಸಿಗೆ ಆ ಲಯ ಒಪ್ಪುವಂಥದ್ದೇ: ಎರಡು ಬಾರುಗಳ ನಡುವಿನ ಬಿಡುವಿನಲ್ಲಿ ನಳಿಗೆ ತಣ್ಣಗಾಗುತ್ತದೆ, ಕಿಡಿ ಆರುತ್ತದೆ. ಇಂಥ ಬಂದೂಕುಗಳ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ 30 ನಿಮಿಷದಲ್ಲಿ 13 ಗುಂಡು ಹಾರಿಸಿ, ಅವುಗಳಲ್ಲಿ ಉತ್ತಮವಾದ 10ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಗುಂಡನ್ನು ಸುತ್ತುವ ಬಟ್ಟೆ ಅಪ್ಪಟ ಹತ್ತಿಯದೇ ಆಗಿರಬೇಕು. ಪಾಲಿಯೆಸ್ಟರ್ ಬೆರೆತದ್ದು ಕರಗಿ ನಳಿಗೆಗೆ ಅಂಟುತ್ತದೆ. ಈ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು, ಖಾದಿ ಭಂಡಾರದ ಒತ್ತು ನೇಯ್ಗೆಯ ದಪ್ಪ ಬಟ್ಟೆಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಜೇನುಮೇಣ ಮತ್ತು ಕೊಬ್ಬರಿ ಎಣ್ಣೆ ಬೆರೆಸಿ ಸವರುತ್ತೇನೆ. ಪ್ರಾಣಿಯ ಕೊಬ್ಬಿನ ಸಲಹೆಯೂ ಉಂಟು, ಆದರೆ ಬಂದೂಕಿಗೂ ಕೊಬ್ಬಿಗೂ ಇರುವ ನಂಟಿನಿಂದ 1857ರಲ್ಲಿ ಆದ ಗಲಾಟೆಯೇ ಸಾಕು. ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆಯನ್ನು ಮಾತ್ರ ನಳಿಗೆಗೆ ಹಾಕಬೇಡಿ. ಅದು ಗಾಳಿಗೆ ಒಣಗಿ ಅಂಟಾಗಿ, ನಿಪ್ಪಲ್ಲಿನ ರಂಧ್ರವನ್ನು ಮುಚ್ಚುತ್ತದೆ.

ಗುರಿಯ ನಿಖರತೆ ಸಾಧಾರಣ. ನಯ ನಳಿಗೆ, ನೋಟಕ್ಕೆ ತುದಿಯಲ್ಲೊಂದು ಮಣಿ ಮಾತ್ರ. 25 ಮೀಟರಿನಲ್ಲಿ ಗುಂಡುಗಳು ಚಹಾದ ಬಸಿಯಷ್ಟು ಜಾಗದಲ್ಲಿ ಬೀಳುತ್ತವೆ, 50 ಮೀಟರಿಗೆ ಹೋದರೆ ಚದುರುತ್ತವೆ.

ಹಾರಿಸಿದ ದಿನವೇ ತೊಳೆಯುವುದು ಕಡ್ಡಾಯ. ಕರಿಮದ್ದು ಉರಿದು ಉಳಿಯುವ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ, ಮತ್ತು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದು ರಾತ್ರಿ ಬಿಟ್ಟರೂ ನಳಿಗೆಯೊಳಗೆ ಕೆಂಪು ತುಕ್ಕು ಮೂಡುತ್ತದೆ. ಈ ಬಂದೂಕಿನ ನಳಿಗೆಯನ್ನು ಮರದಿಂದ ಸುಲಭವಾಗಿ ಬಿಡಿಸಬಹುದಾದ್ದರಿಂದ, ನಿಪ್ಪಲ್ ಕಳಚಿ ಬುಡವನ್ನು ಬಿಸಿನೀರಿನ ಬಕೀಟಿನಲ್ಲಿಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ನೀರು ತಾನಾಗಿ ಒಳಗೆ ಏರಿ ಇಳಿದು ಕೊಳೆಯನ್ನು ಹೊರತರುತ್ತದೆ. ವಾಸನೆ ಕೊಳೆತ ಮೊಟ್ಟೆಯದ್ದು. ಅಡುಗೆಮನೆಯಿಂದ ದೂರ, ಹಿತ್ತಲಿನಲ್ಲಿ ಮಾಡುವುದು ಲೇಸು.

ವ್ಯಾಪಾರಿಯ ಸೇವೆಯ ಬಗ್ಗೆ ದೂರಿಲ್ಲ: ಲೈಸೆನ್ಸಿನಲ್ಲಿ ಬರೆದ ಪ್ರಮಾಣಕ್ಕಿಂತ ಒಂದು ಕೇಪನ್ನೂ ಹೆಚ್ಚು ಕೊಡುವುದಿಲ್ಲ, ಪ್ರತಿ ಮಾರಾಟವನ್ನೂ ಪುಸ್ತಕಕ್ಕೆ ಏರಿಸುತ್ತಾರೆ. ಕೊಡವರಿಗಿರುವ ಲೈಸೆನ್ಸಿನ ವಿನಾಯಿತಿ ನಮಗಿಲ್ಲ. ಅವಳಿ ನಗರದವರು ಪೊಲೀಸ್ ಆಯುಕ್ತರಿಗೆ, ಗದಗ, ಹಾವೇರಿಯವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯನ್ನು ಮೊದಲೇ ಪಡೆದಿರುವುದು ಅನುಕೂಲ. ಹೊಗೆಯ ಕಾರಣದಿಂದ ಒಳಾಂಗಣದ ರೇಂಜಿನಲ್ಲಿ ಇದನ್ನು ಹಾರಿಸಲಾಗದು. ಹಿಂದೆ ಮಣ್ಣಿನ ದಿಬ್ಬವಿರುವ, ಅನುಮತಿ ಪಡೆದ ಬಯಲು ರೇಂಜು ನಿಮಗೆ ಸಿಗುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡೇ ಹಣ ಕೊಡಿ. ರಾಣೆಬೆನ್ನೂರಿನ ಕಡೆಯ ಹೊಲಗಳಲ್ಲಿ ಕೃಷ್ಣಮೃಗ ಕಂಡಾಗ ಕೈ ತುರಿಸುವವರಿಗೆ 1972ರ ವನ್ಯಜೀವಿ ಕಾಯ್ದೆ ಇದೆ.

ಚುನಾವಣೆ ಘೋಷಣೆಯಾಗಿ ಬಂದೂಕನ್ನು ಠೇವಣಿ ಇಡುವ ಆದೇಶ ಬಂದಾಗ, ನಳಿಗೆಗೆ ಧಾರಾಳವಾಗಿ ಎಣ್ಣೆ ಸವರಿಯೇ ಒಪ್ಪಿಸಿ. ಮರಳಿ ಪಡೆದ ಮೇಲೆ ಆ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆದು, ಮದ್ದಿಲ್ಲದೆ ಬರೀ ಕೇಪು ಹೊಡೆದು ರಂಧ್ರ ತೆರೆದಿರುವುದನ್ನು ನೋಡಿಕೊಂಡ ಬಳಿಕವೇ ಬಾರು ಮಾಡಿ. ಎಣ್ಣೆ ಹೀರಿದ ಮದ್ದು ಹೊತ್ತುವುದಿಲ್ಲ, ಮತ್ತು ಹೊತ್ತದ ಬಾರನ್ನು ಗುಂಡಿನ ಸಮೇತ ಹೊರತೆಗೆಯುವ ಕೆಲಸಕ್ಕೆ ನಮ್ಮ ವ್ಯಾಪಾರಿ ಬೇರೆ ಹಣ ತೆಗೆದುಕೊಳ್ಳುತ್ತಾರೆ.