ಪುಂಡಿ, ಕತ್ತಾಳೆ, ಬಾಳೆ, ಕಬ್ಬಿನ ಸಿಪ್ಪೆ: ಎಪಾಕ್ಸಿ ಹಾಳೆಗೆ ಯಾವ ನಾರು?

ಬಾಗಲಕೋಟೆ, ವಿಜಯಪುರದ ಕಡೆ ನಾರಿಗೆ ಬರವಿಲ್ಲ. ಜೋಳದ ಹೊಲದ ಅಂಚಿಗೆ ಪುಂಡಿ, ಬದುವಿನ ಮೇಲೆ ಕತ್ತಾಳೆ, ಕೃಷ್ಣೆಯ ದಂಡೆಗೆ ಬಾಳೆ ಮತ್ತು ಕಬ್ಬು. ಗ್ಲಾಸ್ ಫೈಬರ್ ಬದಲು ಈ ನಾಲ್ಕನ್ನೂ ಒಂದೇ ಅಳತೆಯಲ್ಲಿ ಎಪಾಕ್ಸಿಗೆ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರಾಳ) ಹಾಕಿ ನೋಡಿದರೆ, ಭಾರ ಹೊರುವ ಹಾಳೆಗೆ ನಮ್ಮ ಮತ ಪುಂಡಿಗೇ.

ಅಳತೆ ಹೀಗೆ: 300×300 ಮಿ.ಮೀ. ಅಚ್ಚು, 3 ಮಿ.ಮೀ. ದಪ್ಪ, ಅಂದರೆ 270 ಘನ ಸೆಂ.ಮೀ. ಅದರಲ್ಲಿ ಕಾಲು ಪಾಲು ನಾರು. ನಾರಿನ ಸಾಂದ್ರತೆ ಘನ ಸೆಂ.ಮೀ.ಗೆ 1.45 ಗ್ರಾಂ ಹಿಡಿದರೆ ನಾರು 98 ಗ್ರಾಂ, ಎಪಾಕ್ಸಿ 212 ಗ್ರಾಂ, ಹಾರ್ಡನರ್ 21 ಗ್ರಾಂ. ಮುಂದೆ ಹೇಳುವ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದಾಗ ತೂಕ ಇಳಿಯುವುದರಿಂದ ಶುರುವಿನಲ್ಲೇ 120 ಗ್ರಾಂ ನಾರು ತಗೊಳ್ಳಿ.

ಪುಂಡಿಯ ಗುಣವೆಲ್ಲ ಕೊಯ್ಲು ಮತ್ತು ಕೊಳೆಹಾಕುವುದರಲ್ಲಿದೆ. ಹೂ ಬಿಟ್ಟ ಹೊತ್ತಿಗೆ ಕೊಯ್ಯಬೇಕು; ಬೀಜಕ್ಕೆಂದು ನಿಲ್ಲಿಸಿದರೆ ನಾರು ಒರಟಾಗುತ್ತದೆ. ನೀರಲ್ಲಿ ಮುಳುಗಿಸಿದ ಹತ್ತನೇ ದಿನದಿಂದ ದಿನಾ ಒಂದು ಕಟ್ಟಿಗೆ ತೆಗೆದು ಬುಡದಿಂದ ಸಿಪ್ಪೆ ಎಳೆಯಿರಿ. ತುದಿವರೆಗೂ ತಡೆಯಿಲ್ಲದೆ ಸುಲಿದು ಬಂದರೆ ಅವತ್ತೇ ಎಲ್ಲವನ್ನೂ ತೆಗೆಯಬೇಕು. ಮೊದಲೇ ತೆಗೆದರೆ ಅಂಟು ಉಳಿದು ರಾಳ ಒಳಗೆ ಇಳಿಯುವುದಿಲ್ಲ. ತಡವಾದರೆ ಎಳೆ ಕೈಯಲ್ಲೇ ಪುಡಿಯಾಗುತ್ತದೆ.

ಕತ್ತಾಳೆಗೆ ಈ ಕಾಯುವ ಕೆಲಸವಿಲ್ಲ, ಹಸಿ ಎಲೆಯನ್ನೇ ಕೆರೆಯಬಹುದು. ಆದರೆ ನೂರು ಕಿಲೋ ಎಲೆಗೆ ಸಿಗುವುದು ಮೂರು-ನಾಲ್ಕು ಕಿಲೋ ನಾರು, ರಸ ತಾಗಿದರೆ ಮೈ ತುರಿಸುತ್ತದೆ. ಕೈಗವಸು ಬೇಕೇ ಬೇಕು. ಎಳೆ ದಪ್ಪ, ಬಿರುಸು. ಏಟು ತಡೆಯುವ ಹಾಳೆಗೆ ಇದು ಒಳ್ಳೆಯದು.

ಬಾಳೆಯ ಎಳೆ ನಯ, ನೋಡಲು ರೇಷ್ಮೆಯಂತೆ. ಗೊನೆ ಕೊಯ್ದ ಒಂದೆರಡು ದಿನದೊಳಗೆ ದಿಂಡು ಕೆರೆಯದಿದ್ದರೆ ಕಂದಾಗುತ್ತದೆ. ನೀರು ಹೀರುವ ಚಾಳಿ ಜಾಸ್ತಿ.

ಕಬ್ಬಿನ ಸಿಪ್ಪೆ ಬರೀ ತುಂಬುವ ವಸ್ತು. ಎಳೆ ಗಿಡ್ಡ, ಜೊತೆಗೆ ಸ್ಪಂಜಿನಂಥ ಬೆಂಡು ರಾಳ ಕುಡಿಯುತ್ತದೆ. ಬಿಸಿನೀರಲ್ಲಿ ಸಕ್ಕರೆ ತೊಳೆದು, ಬೆಂಡು ಜರಡಿ ಹಿಡಿದು ಹಾಕಿದರೆ ಒಳಗೋಡೆಯ ಹಲಗೆಗೆ ಸಾಕು.

ಮೊದಲ ಮೂರನ್ನೂ ಒಂದೇ ಹದದ ಕಾಸ್ಟಿಕ್ ಸೋಡಾದಲ್ಲಿ ನೆನೆಸಬೇಕು: ಲೀಟರ್ ನೀರಿಗೆ 50 ಗ್ರಾಂ, ನಾಲ್ಕು ತಾಸು. ಸೋಡಾವನ್ನು ನೀರಿಗೆ ಹಾಕಿ, ಸೋಡಾಕ್ಕೆ ನೀರು ಸುರಿಯಬೇಡಿ. ಆಮೇಲೆ ಚೆನ್ನಾಗಿ ತೊಳೆದು, ಕೊನೆಯ ನೀರಿಗೆ ಚೂರು ವಿನೆಗರ್. 80 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಒಣಗಿದಂತೆ ಕಾಣುವ ನಾರಿನಲ್ಲೂ ನೂರಕ್ಕೆ ಹತ್ತರಷ್ಟು ತೇವ ಇರುತ್ತದೆ. ಹಾಳೆ ಕೆಡುವುದು ಹೆಚ್ಚಾಗಿ ಇಲ್ಲೇ, ನಾರಿನ ಆಯ್ಕೆಯಲ್ಲಲ್ಲ.

ತಯಾರಾದ ಹಾಳೆಯ ಚೂರೊಂದನ್ನು ಮುರಿದು, ಆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಉದ್ದುದ್ದ ಎಳೆಗಳು ನುಣ್ಣಗೆ, ರಾಳದ ಗುರುತಿಲ್ಲದೆ ಹೊರಬಂದಿದ್ದರೆ ನಾರಿಗೂ ರಾಳಕ್ಕೂ ಹಿಡಿತ ಕೂಡಿಲ್ಲ. ಗಿಡ್ಡ ಮೋಟುಗಳು, ಮೈಗೆ ರಾಳದ ಚೂರು ಅಂಟಿದ್ದರೆ ನಾರು ಕೊನೆವರೆಗೂ ದುಡಿದಿದೆ.

ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಕಲಸಿದ ಎಪಾಕ್ಸಿ ಲೋಟದಲ್ಲೇ ಕಾದು ಗಟ್ಟಿಯಾಗುತ್ತದೆ. ಬೆಳಗ್ಗೆ ತಂಪಿನಲ್ಲಿ, ಅಗಲ ತಟ್ಟೆಯಲ್ಲಿ, ಒಮ್ಮೆಗೆ ಅರ್ಧ ಪಾಲನ್ನಷ್ಟೇ ಕಲಸಿ. 24 ತಾಸು ಬಿಟ್ಟು ಅಚ್ಚು ಬಿಚ್ಚಿ, ಕತ್ತರಿಸಿದ ಅಂಚಿಗೂ ಕೊರೆದ ತೂತಿಗೂ ಮತ್ತೊಮ್ಮೆ ರಾಳ ಬಳಿಯಿರಿ. ತೆರೆದ ಎಳೆಯ ತುದಿ ದೀಪದ ಬತ್ತಿಯಂತೆ ನೀರೆಳೆಯುತ್ತದೆ, ಬಾಳೆಯಂತೂ ಎಲ್ಲಕ್ಕಿಂತ ಬೇಗ.