ಕುಲುಮೆಯ ಚಾಕು, ಅಂಗಡಿಯ ಚಾಕು

ವಿಜಯಪುರದಲ್ಲಿ ಅಡುಗೆಮನೆಗೆ ಚಾಕು ಬೇಕೆಂದರೆ ಎರಡು ದಾರಿಗಳಿವೆ: ಪಾತ್ರೆ ಅಂಗಡಿಯ ಸ್ಟೇನ್‌ಲೆಸ್ ಸ್ಟೀಲ್ ಚಾಕು, ಇಲ್ಲವೇ ಕಂಬಾರರ ಕುಲುಮೆಯಲ್ಲಿ ಹೇಳಿ ಮಾಡಿಸಿದ್ದು.

ಅಂಗಡಿಯದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಕನಿಷ್ಠ ಶೇ 10.5ರಷ್ಟು ಇರುತ್ತದೆ. ಇಂಡಿ ತಾಲ್ಲೂಕಿನ ನಿಂಬೆಹಣ್ಣು ಕೊಯ್ದು ತೊಳೆಯಲು ತಡವಾದರೂ ಬೇಗ ತುಕ್ಕು ಹಿಡಿಯದು. ಅಗ್ಗದ್ದಾದರೆ ಅಲಗು ಬೇಗ ಮೊಂಡಾಗುತ್ತದೆ.

ಕುಲುಮೆಯ ಮುಂದೆ ಒಮ್ಮೆ ನಿಂತು ನೋಡಿ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಅಲಗು ಮಾಡುತ್ತಾರೆ. ಅಂಥ ಉಕ್ಕಿನಲ್ಲಿ ಅಲಗು ಗಟ್ಟಿಯಾಗಲು ಬೇಕಾದ ಇಂಗಾಲ ಸುಮಾರು ಶೇ 0.6. ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿದಾಗ ಗಟ್ಟಿಯಾಗುತ್ತದೆ, ಆದರೆ ಬಿದ್ದರೆ ಮುರಿಯುವಷ್ಟು ಪೆಡಸು. ಆದ್ದರಿಂದ ಮೈ ಉಜ್ಜಿ ಬೆಳ್ಳಗೆ ಮಾಡಿ, ಅದು ಜೋಳದ ಒಣ ಕಣಿಕೆಯ ಬಣ್ಣಕ್ಕೆ ತಿರುಗುವವರೆಗೆ ಮತ್ತೆ ಹದವಾಗಿ ಕಾಯಿಸಬೇಕು. ಈ ಹದವೇ ಚಾಕುವಿನ ಜೀವ. ಅದರ ಬಗ್ಗೆ ಕೇಳದೆ ಮುಂಗಡ ಕೊಡಬೇಡಿ. ಹಿಡಿಯ ಅಳತೆಗೆ ಬಳಸುವವರನ್ನೇ ಕರೆದೊಯ್ಯಿರಿ. ನನ್ನ ತಾಯಿಯ ಪುಟ್ಟ ಅಂಗೈಗೆ ಹೊಂದುವ ಹಿಡಿ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಕುಲುಮೆಯದು ಬೇಗ ತುಕ್ಕು ಹಿಡಿಯುತ್ತದೆ. ಕೊಯ್ದ ಕೂಡಲೇ ತೊಳೆದು ಒರೆಸಿ, ಎಣ್ಣೆ ಸವರಿಡಲು ಪುರುಸೊತ್ತಿಲ್ಲದ ಮನೆಗೆ ಅಂಗಡಿಯದೇ ಸರಿ. ದಿನವೂ ಉಳ್ಳಾಗಡ್ಡಿ, ಸೊಪ್ಪು ಹೆಚ್ಚುವವರು ಕುಲುಮೆಯದನ್ನೇ ಮಾಡಿಸಿಕೊಳ್ಳಿ.